ಅವ್ವ ನಿಲ್ಲಿಸಿದ ಕಲ್ಲು

ನಮ್ಮೂರಲ್ಲಿ ಮನೆ ಕಟ್ಟಿಸುವವರು ಮೇಸ್ತ್ರಿಗೆ ಮೊದಲು ಹೇಳುವುದು ಎಷ್ಟು ಕೋಣೆ ಬೇಕು ಎಂದಲ್ಲ, ಯಾವ ಗೋಡೆ ಯಾವ ಹೊತ್ತಿಗೆ ಏಳಬೇಕು ಎಂದು. ಗಾರೆಯ ಮೇಲೆ ಕೂರಿಸಿದ ಹೊತ್ತು ಕಲ್ಲಿನಲ್ಲಿ ಹಾಗೇ ಉಳಿದುಬಿಡುತ್ತದೆ. ಮಾಗಿಯ ನಸುಕಿನಲ್ಲಿ ಇಟ್ಟ ಕಲ್ಲು ಬೇಸಿಗೆಯ ಮಟಮಟ ಮಧ್ಯಾಹ್ನದಲ್ಲೂ ಅಂಗೈ ಕೊರೆಯುತ್ತದೆ. ಮಳೆಗೆ ಮುಂಚಿನ ಗಾಳಿಯಲ್ಲಿ ಇಟ್ಟದ್ದಕ್ಕೆ ಮೂಗು ತಾಗಿಸಿದರೆ ಹಸಿಮಣ್ಣಿನ ವಾಸನೆ. ಎತ್ತಿ ತೆಗೆದರೆ ಮಾತ್ರ ಆ ಹೊತ್ತು ಹೋಗಿಬಿಡುತ್ತದೆ. ಮತ್ತೆ ಇಟ್ಟಾಗ ಹೊಸ ಹೊತ್ತು ಹಿಡಿಯುತ್ತದೆ. ಇದರಲ್ಲಿ ನಮಗೆ ಅಂಥ ಸೋಜಿಗವೇನೂ ಕಾಣುವುದಿಲ್ಲ. ಅಡುಗೆಮನೆಯ ಗೋಡೆಯನ್ನು ಮಾಗಿಯಲ್ಲಿ ಎಬ್ಬಿಸಿದರೆ ಮೊಸರು ಹುಳಿಯಾಗುವುದಿಲ್ಲ, ಬಾಣಂತಿ ಕೋಣೆಯ ಗೋಡೆಗೆ ಶಿವರಾತ್ರಿ ಕಳೆದ ಮೇಲಿನ ಬಿಸಿಲು ಒಳ್ಳೆಯದು, ಅಷ್ಟೇ. ಅವಸರ ಮಾಡಿದವರು ಅನುಭವಿಸುತ್ತಾರೆ. ಪೇಟೆಯ ಸಾಹುಕಾರ ರುದ್ರಗೌಡರು ಮಗನ ಮದುವೆಯ ಗಡಿಬಿಡಿಯಲ್ಲಿ ಇಡೀ ಮನೆಯನ್ನು ಒಂದೇ ಬೇಸಿಗೆಯಲ್ಲಿ ಮುಗಿಸಿದರು. ಅವರ ಮೂರು ತಲೆಮಾರು ಅಂಗಳದಲ್ಲಿ ಮಲಗಿತು. ಊರ ಕಚೇರಿಯನ್ನು ಯಾವನೋ ಗುತ್ತಿಗೆದಾರ ಬಿರುಗಾಳಿಯ ವಾರದಲ್ಲಿ ಕಟ್ಟಿ ಕೈತೊಳೆದುಕೊಂಡ. ಅಲ್ಲಿ ಇವತ್ತಿಗೂ ಗುಮಾಸ್ತರು ಒಂದು ಕೈಯಲ್ಲಿ ಬರೆಯುತ್ತಾರೆ, ಇನ್ನೊಂದು ಕೈಯಲ್ಲಿ ಕಾಗದ ಹಿಡಿದುಕೊಂಡಿರುತ್ತಾರೆ.

ಊರಿನ ಪಡುವಣ ಅಂಚಿಗೆ, ಹಳೇ ಕಲ್ಲುಗಣಿಯ ಪಕ್ಕ, ಎರಡೇ ಕೋಣೆಯ ಒಂದು ಕಲ್ಲಿನ ಮನೆ ಇದೆ. ಅದರ ಕೀಲಿಕೈ ನನ್ನ ಸೆರಗಿನ ಗಂಟಿನಲ್ಲಿರುತ್ತದೆ. ನಾನು ಫಕೀರವ್ವ. ನನಗಿಂತ ಮುಂಚೆ ಈ ಕೀಲಿಕೈ ನಮ್ಮಪ್ಪ ಬಸಲಿಂಗಪ್ಪ ಮೇಸ್ತ್ರಿಯ ಉಡಿದಾರಕ್ಕೆ ಕಟ್ಟಿರುತ್ತಿತ್ತು. ಆ ಮನೆಯನ್ನು ಕಟ್ಟಿದವರು ನೂರಾರು ವರ್ಷಗಳ ಹಿಂದಿನ ಗಂಡ ಹೆಂಡತಿ. ಇಬ್ಬರೂ ಗಾರೆ ಕೆಲಸದವರು. ಒಳ್ಳೊಳ್ಳೆಯ ಹೊತ್ತುಗಳೆಲ್ಲ ಊರವರ ಗೋಡೆಗಳಿಗೆ ಹೋಗುತ್ತಿದ್ದವು. ಕೆಲಸ ಬಿಟ್ಟು ಬಂದ ಮೇಲೆ, ಯಾರಿಗೂ ಬೇಡವಾದ ಹೊತ್ತುಗಳಲ್ಲಿ, ದಿನಕ್ಕೆ ಒಂದೋ ಎರಡೋ ಕಲ್ಲು ಇಡುತ್ತ ಹನ್ನೊಂದು ವರ್ಷ ಕಟ್ಟಿದರಂತೆ. ಹಾಗಾಗಿ ಆ ಮನೆಯಲ್ಲಿ ಒಂದು ಕಲ್ಲಿನ ಹಾಗೆ ಇನ್ನೊಂದಿಲ್ಲ. ಒಂದು ಜಿಟಿಜಿಟಿ ಮಳೆ, ಅದರ ಪಕ್ಕದ್ದು ಉರಿಬಿಸಿಲು, ಮೇಲಿನದು ದನ ಮನೆಗೆ ಬರುವ ಹೊತ್ತಿನ ದೂಳು, ಕೆಳಗಿನದು ಗ್ರಹಣ ಹಿಡಿದಾಗಿನ ಆ ಒಂದು ತರಹದ ತಂಪು. ಗೋಡೆಯ ಮೇಲೆ ಅಂಗೈ ಆಡಿಸುತ್ತ ಒಂದು ಸುತ್ತು ಹೋಗಿ ಬಂದರೆ ಒಂದು ವರ್ಷ ಬದುಕಿ ಬಂದಂತಾಗುತ್ತದೆ.

ನೋಡಲಿಕ್ಕೆ ಅದು ಅಷ್ಟಕ್ಕಷ್ಟೆ. ಬಾಗಿಲು ಎಷ್ಟು ಗಿಡ್ಡವೆಂದರೆ ಎಂಥ ದೊಡ್ಡ ಮನುಷ್ಯನೂ ತಲೆ ಬಗ್ಗಿಸಬೇಕು. ಮೇಲೆ ಕಲ್ಲಿನ ಚಪ್ಪಡಿ, ಅದರ ಮೇಲೆ ಮಣ್ಣಿನ ಮಾಳಿಗೆ, ನಡುವೆ ಒಂದೇ ಒಂದು ಬೆಳಕಿಂಡಿ. ಒಳಗೆ ದೀಪಕ್ಕೆರಡು ಗೂಡು. ಗೋಡೆಯ ದಪ್ಪ ಒಂದೂವರೆ ಮೊಳ. ಒಳಮುಖಕ್ಕೊಂದು ಸಾಲು ಕಲ್ಲು, ಹೊರಮುಖಕ್ಕೊಂದು ಸಾಲು, ನಡುವೆ ಚಕ್ಕೆಕಲ್ಲು ಮತ್ತು ಸುಣ್ಣದ ಗಾರೆ. ಈ ಎರಡು ಸಾಲು ಒಂದನ್ನೊಂದು ಬಿಟ್ಟು ಹೋಗದಂತೆ ಅಲ್ಲಲ್ಲಿ ಒಳಗಿನಿಂದ ಹೊರಗಿನವರೆಗೂ ಚಾಚಿದ ಉದ್ದನೆಯ ಅಡ್ಡಗಲ್ಲುಗಳು. ಇಡೀ ಮನೆ ನಿಂತಿರುವುದು ಆ ಅಡ್ಡಗಲ್ಲುಗಳ ದಯದಿಂದ ಎಂದು ಅಪ್ಪ ಹೇಳುತ್ತಿದ್ದ. ನಾನು ಹುಟ್ಟುವ ಮುಂಚೆಯೇ ಇಲಾಖೆಯವರು ಬಂದು 'ಸಂರಕ್ಷಿತ ಕಟ್ಟಡ' ಎಂದು ನೀಲಿ ಹಲಗೆ ನೆಟ್ಟು, ಯಾವ ಕಲ್ಲನ್ನೂ ಅಲುಗಾಡಿಸಬಾರದು ಎಂದು ಬರೆಸಿ ಹೋಗಿದ್ದರು. ಒರಗಬಾರದು ಎಂದು ಬರೆಸಿರಲಿಲ್ಲ. ಊರಿನವರು ಒರಗುತ್ತಿದ್ದರು. ಬೇಸಿಗೆಯಲ್ಲಿ ಶಾಲೆಯ ಮಕ್ಕಳು ಮಾಗಿಯ ಕಲ್ಲುಗಳಿಗೆ ಕೆನ್ನೆ ಹಚ್ಚಿ ನಿಲ್ಲುತ್ತಿದ್ದವು. ನನ್ನ ಪಕ್ಕದ ಮನೆಯ ಹುಸೇನಬಿ ದಿನಾ ನಾಲ್ಕು ಗಂಟೆಗೆ ಬಂದು ತನ್ನ ಹಾಳು ಮೊಣಕಾಲನ್ನು ಬಾಗಿಲ ಎಡಗಡೆಯ ಉರಿಬಿಸಿಲಿನ ಕಲ್ಲಿಗೆ ಒತ್ತಿ ಕೂರುತ್ತಿದ್ದಳು. "ಡಾಕ್ಟರ ಗುಳಿಗಿಕಿಂತ ಈ ಕಲ್ಲ ಪಾಡ," ಎನ್ನುತ್ತಿದ್ದಳು.

ನನ್ನ ಕಲ್ಲು ಬೇರೆಯದು. ಅದು ಪಡುವಣ ಗೋಡೆಯ ಹೊರಮೈಯಲ್ಲಿ, ನಮ್ಮ ಹಿತ್ತಿಲಿನ ಕಡೆಗೆ, ನೆಲದಿಂದ ಮೊಳದೆತ್ತರದಲ್ಲಿತ್ತು. ಅದಕ್ಕೆ ಬೆನ್ನು ಕೊಟ್ಟರೆ ಕಾರ್ತಿಕದ ಮುಂಜಾವು. ತೆಳುವಾದ ಚಳಿ, ನೀರೊಲೆಗೆ ಇಟ್ಟ ತೊಗರಿ ಕಟ್ಟಿಗೆಯ ಹೊಗೆ, ಕಾಸಿದ ಹರಳೆಣ್ಣೆ, ಜೊತೆಗೆ ನಮ್ಮವ್ವನ ಸೀರೆಯ ವಾಸನೆ. ಆ ಮನೆಯಲ್ಲಿ ನೂರಾರು ವರ್ಷ ಹಳೆಯದಲ್ಲದ ಹೊತ್ತು ಅದರದ್ದೊಂದೇ. ಇದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ನಾನು ಅಂದುಕೊಂಡಿದ್ದೆ.

ನನಗಾಗ ಏಳು ವರ್ಷ. ಅಡುಗೆ ಆಟ ಆಡುವಾಗ ಹಿಟ್ಟು ಬೇಕಲ್ಲ, ಅದಕ್ಕೆ ಆ ಗೋಡೆಯ ಗಾರೆಯನ್ನು ಮೊಳೆಯಿಂದ ಕೆರೆಯುತ್ತಿದ್ದೆ. ಒಂದು ವರ್ಷ ಪೂರ್ತಿ ಒಂದೇ ಕಲ್ಲಿನ ಸುತ್ತ ಕೆರೆದಿದ್ದೇನೆ. ಒಂದು ದಿನ ಬೆಳಗ್ಗೆ ಆ ಕಲ್ಲು ಜಾರಿ ನನ್ನ ಕಾಲಿನ ಪಕ್ಕಕ್ಕೇ ಬಿತ್ತು. ಹಿಂದೆಯೇ ಒಳಗಿನ ಚಕ್ಕೆಗಳು ಸುರಿದು ತೂತು ಮುಚ್ಚಿಕೊಂಡಿತು. ಅಪ್ಪ ಬೇರೆ ಊರಿನ ಕೆಲಸಕ್ಕೆ ಹೋಗಿದ್ದ, ಅವತ್ತು ಮಧ್ಯಾಹ್ನ ಬರುವವನಿದ್ದ. ಅವನಿಗೆ ಆ ಮನೆಯೆಂದರೆ ಜೀವ. ಅವ್ವ ನೀರೊಲೆಯ ಮುಂದೆ ಎಣ್ಣೆ ಕಾಸುತ್ತಿದ್ದವಳು ಓಡಿ ಬಂದಳು. ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಸೀರೆ ಎತ್ತಿ ಕಟ್ಟಿ, ಮಣ್ಣಿಗೆ ಬೂದಿ ಕಲಸಿ, ಆ ಕಲ್ಲನ್ನು ಎದೆಗವಚಿಕೊಂಡು ಎತ್ತಿದಳು. ಉದ್ದಕ್ಕೆ ಒಳಗೆ ತಳ್ಳಬೇಕಾದ ಅಡ್ಡಗಲ್ಲು ಅದು. ಚಕ್ಕೆ ತುಂಬಿದ ತೂತಿನೊಳಗೆ ಅದು ಹೋಗಲಿಲ್ಲ. ಕೊನೆಗೆ ಅದನ್ನು ಗೋಡೆಯ ಮುಖಕ್ಕೆ ಹಲಗೆಯಂತೆ ನೆಟ್ಟಗೆ ನಿಲ್ಲಿಸಿ, ಸುತ್ತ ಮಣ್ಣು ಮೆತ್ತಿ, ಸೆರಗಿನಿಂದ ಒರೆಸಿದಳು. ಆಮೇಲೆ ಏನೂ ಆಗಿಲ್ಲವೆಂಬಂತೆ ನನ್ನನ್ನು ಅಲ್ಲೇ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದಳು. "ಅಪ್ಪಗ ಹೇಳಬ್ಯಾಡ, ಹಾಂ?" ಎಂದಳು. ನಾನು ಹೇಳಲಿಲ್ಲ.

ಅವ್ವ ತೀರಿಕೊಂಡಾಗ ನನಗೆ ಇಪ್ಪತ್ತೇಳು. ಎಲ್ಲರೂ ಅತ್ತರು, ನಾನು ಅಷ್ಟಾಗಿ ಅಳಲಿಲ್ಲ. ಕಲ್ಲೆದೆಯವಳು ಎಂದು ನಮ್ಮ ಅತ್ತೆಯ ಕಡೆಯವರು ಆಡಿಕೊಂಡರು. ಆಡಿಕೊಳ್ಳಲಿ. ಮಣ್ಣು ಮಾಡಿ ಬಂದವಳೇ ನಾನು ಹಿತ್ತಿಲಿಗೆ ಹೋಗಿ ಆ ಕಲ್ಲಿಗೆ ಬೆನ್ನು ಕೊಟ್ಟು ಕೂತೆ. ಅವ್ವ ಅಲ್ಲಿದ್ದಳು. ಮೂವತ್ತೊಂದು ವರ್ಷ ದಿನಾ ಬೆಳಗ್ಗೆ ಚಹಾದ ಬಟ್ಟಲು ಹಿಡಿದು ಅಲ್ಲಿ ಕೂತಿದ್ದೇನೆ. ಗಂಡ ಹೋದಾಗ, ಅಪ್ಪ ಹೋದಾಗ, ಅಲ್ಲೇ ಕೂತೆ. ತಾಯಿಯಿಲ್ಲದ ಹೆಂಗಸರನ್ನು ಕಂಡರೆ ನನಗೆ ಪಾಪ ಅನ್ನಿಸುತ್ತಿತ್ತು. ನಾನೂ ಅವರ ಹಾಗೆ ಎಂದು ಯಾವತ್ತೂ ಅನ್ನಿಸಲಿಲ್ಲ.

ಹೋದ ವರ್ಷ ಮಳೆ ಜಾಸ್ತಿಯಾಗಿ ಪಡುವಣ ಗೋಡೆ ಹೊರಗೆ ಉಬ್ಬಿ ಹೊಟ್ಟೆ ಬಿಟ್ಟಿತು. ಇಲಾಖೆಯಿಂದ ಮೃದುಲಾ ಎಂಬ ಹುಡುಗಿ ಬಂದಳು, ಎಂಜಿನಿಯರು. ಕಲ್ಲು ಬರೀ ಕಲ್ಲಾಗಿರುವ ಊರಿನವಳು. ಮೊದಲ ದಿನ ಗೋಡೆ ಮುಟ್ಟಿ, ಬಿಸಿಯ ಪಕ್ಕದಲ್ಲಿ ತಂಪು ಸಿಕ್ಕಿದಾಗ ಕೈ ಹಿಂದಕ್ಕೆ ಎಳೆದುಕೊಂಡು ಸುತ್ತ ನೋಡಿದಳು. ಯಾರೂ ಬೆರಗಾಗದೆ ಇದ್ದುದನ್ನು ಕಂಡು ಅವಳೂ ಸುಮ್ಮನಾದಳು. ಜಾಣೆ. ಮೂರನೆಯ ದಿನಕ್ಕೆಲ್ಲ ತನ್ನ ಮಜ್ಜಿಗೆ ಬಾಟಲಿಯನ್ನು ಮಾಗಿಯ ಕಲ್ಲಿನ ಕೆಳಗೆ ಇಡತೊಡಗಿದಳು.

ಗೋಡೆಯನ್ನು ಅರ್ಧದವರೆಗೆ ಬಿಚ್ಚಿ ಮತ್ತೆ ಕಟ್ಟಬೇಕು ಎಂದು ತೀರ್ಮಾನವಾಯಿತು. ಸಂರಕ್ಷಿತ ಕಟ್ಟಡವಾದ್ದರಿಂದ ಪ್ರತಿ ಕಲ್ಲಿಗೂ ಅದರ ಹಳೆಯ ಹೊತ್ತನ್ನೇ ವಾಪಸು ಕೊಡಬೇಕು. ಅದಕ್ಕೆ ಮೊದಲು ಯಾವ ಕಲ್ಲಿನದು ಯಾವ ಹೊತ್ತು ಎಂದು ದಾಖಲೆ ಆಗಬೇಕು. ಗೋಡೆಯನ್ನು ಅಂಗೈಯಲ್ಲಿ ಓದಬಲ್ಲವರು ಊರಲ್ಲಿ ಇಬ್ಬರೇ ಉಳಿದಿದ್ದೆವು, ನಾನು ಮತ್ತು ಅಪ್ಪನ ಹತ್ತಿರ ಕೆಲಸ ಕಲಿತಿದ್ದ ಹುಲಿಗೆಪ್ಪ ಮೇಸ್ತ್ರಿ. ಮೃದುಲಾ ಕಲ್ಲುಗಳಿಗೆ ಸೀಮೆಸುಣ್ಣದಲ್ಲಿ ನಂಬರು ಹಾಕುತ್ತಿದ್ದಳು, ನಾನು ಕಣ್ಣು ಮುಚ್ಚಿ ಹೇಳುತ್ತಿದ್ದೆ, ಅವಳು ಬರೆದುಕೊಳ್ಳುತ್ತಿದ್ದಳು. "ಇದು ಶ್ರಾವಣದ ಜಿಟಿಮಳಿ, ಸಂಜಿ ಮುಂದ." "ಇದು ಸುಗ್ಗಿ ಹೊತ್ತು, ಕಣದಾಗಿನ ದೂಳ ಐತಿ ನೋಡ್ರಿ ಬಾಯಾರ." "ಇದು ಮಂಜು ಬಿದ್ದಾಗ ಇಟ್ಟದ್ದು, ಕೈ ಹಸಿ ಆಗತೈತಿ."

ತೊಂಬತ್ತಮೂರನೆಯ ನಂಬರು ನನ್ನ ಕಲ್ಲಿಗೆ ಬಿತ್ತು.

"ಇದಮ್ಮಾ?"

ನಾನು ಅಂಗೈ ಇಟ್ಟೆ. ತೊಗರಿ ಕಟ್ಟಿಗೆಯ ಹೊಗೆ ಬಂತು. "ಕಾರ್ತಿಕ ಮಾಸ, ಮುಂಜಾನಿ," ಎಂದೆ. ಅಷ್ಟು ನಿಜ. ಆಮೇಲೆ ಬಾಯಿ ತಾನಾಗಿ ಮುಂದುವರಿಯಿತು. "ಇದನ್ನ ಬಿಚ್ಚೂದು ಬ್ಯಾಡ್ರಿ ಬಾಯಾರ. ಇದು ಗಟ್ಟಿ ಐತಿ. ಹಳೇ ಕಾಲದ ಅಡ್ಡಗಲ್ಲು, ಒಳಗಿನತನಕ ಹೋಗೇತಿ. ನಮ್ಮಪ್ಪ ಹೇಳಿದ್ದು."

ಅವಳು ಹುಲಿಗೆಪ್ಪನ ಕಡೆ ನೋಡಿದಳು. ಹುಲಿಗೆಪ್ಪ ಕರಣೆಯ ಮೇಲಿನ ಗಾರೆ ಕೆರೆಯುತ್ತ ಕೂತಿದ್ದ, ತಲೆ ಎತ್ತಲಿಲ್ಲ. "ಅಕ್ಕ ಹೇಳಿದ ಮ್ಯಾಲ ಮುಗೀತಲ್ಲ," ಎಂದ. ಮೃದುಲಾ ಆ ಕಲ್ಲಿನ ಸುತ್ತ ಗೆರೆ ಎಳೆದು 'ಮೂಲ ಅಡ್ಡಗಲ್ಲು, ಗಟ್ಟಿ, ತೆಗೆಯಬಾರದು' ಎಂದು ಬರೆದುಕೊಂಡಳು.

ಆಮೇಲಿನ ತಿಂಗಳುಗಳಲ್ಲಿ ನೋಡಿದಷ್ಟು ಊರು ಯಾವತ್ತೂ ಆಕಾಶ ನೋಡಿದ್ದು ನನ್ನ ನೆನಪಿನಲ್ಲಿಲ್ಲ. ನನ್ನ ಕಲ್ಲಿನ ಮೇಲಿನ ಸಾಲುಗಳನ್ನೆಲ್ಲ ಬಿಚ್ಚಿ ಅಂಗಳದಲ್ಲಿ ನಂಬರಿನ ಪ್ರಕಾರ ಜೋಡಿಸಿದ್ದರು. ಮಂಜಿನ ಕಲ್ಲಿಗೆ ಮಂಜು ಬೇಕು, ಸುಳಿಗಾಳಿಯ ಕಲ್ಲಿಗೆ ಸುಳಿಗಾಳಿ ಬೇಕು. ಹೊತ್ತು ಬಂದಾಗ ಹುಲಿಗೆಪ್ಪ ಇರಬೇಕು, ಗಾರೆ ಕಲಸಿರಬೇಕು. ಒಂದು ಜಿಟಿಮಳೆಗೆ ಐದು ವಾರ ಕಾದೆವು. ಅದು ಬಂದದ್ದು ಹುಲಿಗೆಪ್ಪ ತನ್ನ ಅಳಿಯನ ಮನೆಯ ಸೀಮಂತದಲ್ಲಿ ಊಟಕ್ಕೆ ಕೂತಾಗ. ಹುಸೇನಬಿ ಕುಂಟುತ್ತಲೇ ಓಡಿ ಅವನ ಎಲೆಯ ಮುಂದೆ ನಿಂತು, "ಏಳೋ ಹುಲಿಗ್ಯಾ, ಮಳಿ ಬಂತು! ಹೋಳಿಗಿ ಎಲ್ಲಿಗಿ ಹೋಗತಾವು?" ಎಂದಳಂತೆ. ಅವನು ಎಂಜಲು ಕೈ ಮಳೆಯಲ್ಲಿ ತೊಳೆಯುತ್ತ ಬಂದು ಕಲ್ಲಿಟ್ಟ. ಆ ಕಲ್ಲಿನಲ್ಲಿ ಒಂದಿಷ್ಟು ಏಲಕ್ಕಿ ವಾಸನೆ ಸೇರಿಕೊಂಡಿತು. ಅದನ್ನು ದಾಖಲೆಯಲ್ಲಿ ಬರೆಯಬೇಕೋ ಬೇಡವೋ ಎಂದು ಮೃದುಲಾ ಎರಡು ದಿನ ತಲೆ ಕೆಡಿಸಿಕೊಂಡಳು. ಮಂಜಿನ ಕಲ್ಲು ಇಡುವ ದಿನ ಅರ್ಧ ಊರು ಕಂಬಳಿ ಹೊದ್ದು ಬಂದು ನಿಂತಿತ್ತು. ಕಲ್ಲು ಕೂತ ಮೇಲೆ ಎಲ್ಲರೂ ಸಾಲಾಗಿ ಬಂದು ಮುಟ್ಟಿ ಹೋದರು. ಬಹಳ ವರ್ಷಗಳ ಮೇಲೆ ನಮ್ಮೂರು ಒಟ್ಟಿಗೆ ಒಂದು ಗೋಡೆ ಕಟ್ಟಿತು. ನನಗೂ ಸಂತೋಷವಿತ್ತು. ಆದರೆ ಬೆಳಗ್ಗೆ ಕಲ್ಲಿಗೆ ಬೆನ್ನು ಕೊಟ್ಟಾಗ, ನನ್ನ ಮೇಲೆ ಏಳುತ್ತಿದ್ದ ಆ ಭಾರದ ಸಾಲುಗಳನ್ನು ಎಣಿಸುತ್ತಿದ್ದೆ. ನಾನು ಮೇಸ್ತ್ರಿಯ ಮಗಳು. ನಿಂತ ಕಲ್ಲು ಗೋಡೆಯನ್ನು ಹಿಡಿಯುವುದಿಲ್ಲ ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಗೋಡೆ ಹೊಟ್ಟೆ ಬಿಟ್ಟದ್ದು ಎಲ್ಲಿಂದ ಎಂದೂ ಗೊತ್ತಿತ್ತು.

ಮಳೆಗಾಲ ಶುರುವಾಗಿ ಮಿರಗ ಮಳೆ ಜೋರಾಗಿಯೇ ಬಂತು. ಮೂರನೆಯ ದಿನ ಮಧ್ಯಾಹ್ನ ಹುಲಿಗೆಪ್ಪ ಗೋಡೆಗೆ ತಾಡಪತ್ರಿ ಕಟ್ಟುತ್ತಿದ್ದ. ನಾನು ನಮ್ಮ ಹಿತ್ತಿಲ ಬಾಗಿಲಲ್ಲಿ ನಿಂತಿದ್ದೆ. ಮೊದಲು ಹೊಸ ಗಾರೆ ಸೀಳಿದ ಸದ್ದು, ಆಮೇಲೆ ಪಡುವಣ ಗೋಡೆಯ ಹೊರಮೈ ಒಮ್ಮೆಲೇ ಕುಸಿಯಿತು. ಹದಿನೇಳು ಕಲ್ಲು. ಐದು ವಾರ ಕಾದ ಜಿಟಿಮಳೆ ಹೋಯಿತು, ಮಂಜು ಹೋಯಿತು, ಸುಗ್ಗಿಯ ದೂಳು ಹೋಯಿತು. ಹುಲಿಗೆಪ್ಪನ ಬಲಗಾಲಿನ ಎರಡು ಬೆರಳು ಜಜ್ಜಿಹೋದವು. ಅವ್ವ ನಿಲ್ಲಿಸಿದ ಕಲ್ಲು ಮಾತ್ರ ಮುಂದಕ್ಕೆ ವಾಲಿಕೊಂಡು, ನಾಚಿಕೆಯಿಲ್ಲದೆ, ಇದ್ದಲ್ಲೇ ನಿಂತಿತ್ತು.

ಇಲಾಖೆಯ ದೊಡ್ಡ ಸಾಹೇಬರು ಮರುವಾರ ಬಂದು ನೋಡಿ ಹೋದರು. ಕಟ್ಟಿದ್ದು ನಿಲ್ಲುವುದಿಲ್ಲವೆಂದ ಮೇಲೆ ಕಟ್ಟುವುದು ಬೇಡ, ಸುತ್ತ ತಂತಿಬೇಲಿ ಹಾಕಿ ಮುಚ್ಚಿಬಿಡಿ, ದೂರದಿಂದ ನೋಡಿಕೊಂಡು ಹೋಗಲಿ ಎಂದರು. ತಪ್ಪು ಎಲ್ಲಾಯಿತು ಎಂದು ಮೃದುಲಾ ಹದಿನೈದು ದಿನದಲ್ಲಿ ಬರೆದುಕೊಡಬೇಕಂತೆ. ಅವಳು ಅಂಗಳದಲ್ಲಿ ಬಿದ್ದ ಕಲ್ಲುಗಳ ನಡುವೆ ಕೂತು ದಾಖಲೆಯ ಪುಸ್ತಕ ತಿರುವುತ್ತಿದ್ದಳು. ಕಣ್ಣು ಕೆಂಪಾಗಿತ್ತು. "ಗಾರೆ ಸರಿ ಇತ್ತಮ್ಮಾ. ಅಳತೆ ಸರಿ ಇತ್ತು. ನಾನು ಎಲ್ಲಿ ತಪ್ಪಿದೆ ಅಂತ ಎಷ್ಟು ಸಲ ನೋಡಿದರೂ ಗೊತ್ತಾಗ್ತಿಲ್ಲ," ಎಂದಳು. ಬಾಗಿಲ ಎಡಗಡೆ ಹುಸೇನಬಿ ಮೊಣಕಾಲು ಒತ್ತಿ ಕೂತಿದ್ದಳು. ಬೇಲಿಯ ವಿಷಯ ಅವಳಿಗೂ ಗೊತ್ತಾಗಿತ್ತು. ಕಲ್ಲನ್ನು ಕೈಯಿಂದ ಸವರುತ್ತಿದ್ದಳು.

ನಾನು ಹುಲಿಗೆಪ್ಪನ ಮನೆಗೆ ಹೋದೆ. ಅವನು ಕಾಲಿಗೆ ಬಟ್ಟೆ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ನಾನು ನಿಂತೇ ಹೇಳಿದೆ. "ಹುಲಿಗೆಪ್ಪಾ, ತೊಂಬತ್ತಮೂರನೇ ಕಲ್ಲು ಅಡ್ಡಗಲ್ಲು ಅಲ್ಲೋ. ಅದನ್ನ ನಮ್ಮವ್ವ ನಿಲ್ಲಿಸ್ಯಾಳ. ನಾ ಸುಳ್ಳ ಹೇಳೇನಿ. ನಿನ್ನ ಕಾಲು ನನ್ನ ಕೈಲೇ ಹೋತು."

ಅವನು ಸರಿದು ಕಟ್ಟೆಯ ಮೇಲೆ ಜಾಗ ಮಾಡಿ, "ಕೂಡ್ರಕ್ಕಾ," ಎಂದ. "ನನಗ ಗೊತ್ತಿತ್ತು. ನಿಮ್ಮಪ್ಪಗೂ ಗೊತ್ತಿತ್ತು."

"ಅಪ್ಪಗ?"

"ಅವತ್ತು ಊರಿಂದ ಬಂದಾವ್ರು ಗ್ವಾಡಿ ಮ್ಯಾಲ ಕೈ ಇಟ್ಟರು. ನಾ ಹಿಂದ ಚೀಲ ಹೊತ್ತಕೊಂಡ ನಿಂತಿದ್ದೆ. ಒಂದ ನಿಮಿಷ ಹಂಗ ನಿಂತು, ಕೈ ತಗದು, ಊಟಕ್ಕ ನಡದ್ರು. ಆಮ್ಯಾಲ ನನ್ನೊಬ್ಬನ್ನ ಕರದು, 'ಇದನ್ನ ಇವತ್ತ ನಾಳೆ ಬಿಚ್ಚಿ ಸರಿ ಮಾಡಬೇಕೋ' ಅಂದ್ರು. ದಿನಾ ನಾಳೆ ಅಂದ್ರು. ನಿಮ್ಮವ್ವ ಹ್ವಾದ ಮ್ಯಾಲ ಅದನ್ನೂ ಅನ್ನಲಿಲ್ಲ. ಸಾಯೋ ಮುಂದ ನನ್ನ ಕೈ ಹಿಡದು, ಫಕೀರಿ ತಾನಾಗಿ ಹೇಳೋತನಕ ಮುಟ್ಟಬ್ಯಾಡ ಅಂದ್ರು." ಅವನು ತನ್ನ ಕಾಲಿನ ಕಡೆ ನೋಡಿಕೊಂಡ. "ನಾನರ ಬಾಯಿ ಬಿಡಬೇಕಾಗಿತ್ತು. ಆದರ ಹೆಂಗ ಬಿಡ್ಲಿ? ನೀ ದಿನಾ ಚಾ ಕುಡಿಯಾಕ ಅಲ್ಲೇ ಕೂಡ್ರತಿದ್ದಿ."

ಒಂದು ಮನೆಯ ಮೂವರು ಒಬ್ಬರಿಗೊಬ್ಬರು ಹೇಳದೆ ಐವತ್ತು ವರ್ಷ ಒಂದು ಕಲ್ಲನ್ನು ಕಾಯ್ದಿದ್ದೆವು. ನನಗೆ ಅಪ್ಪನ ಮೇಲೆ ಸಿಟ್ಟು ಬಂತು. ಆಮೇಲೆ ಅವನು ಆ ಗೋಡೆಯ ಮೇಲೆ ಕೈ ಇಟ್ಟು ನಿಂತ ಆ ಒಂದು ನಿಮಿಷ ನೆನಪಾಗಿ ಸಿಟ್ಟು ನಿಲ್ಲಲಿಲ್ಲ.

ಮೃದುಲಾಳಿಗೆ ಅದೇ ದಿನ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಹೋಗಿ ವಾಲಿದ ಆ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದಳು. ಆಮೇಲೆ, "ಅದನ್ನು ಮಲಗಿಸಿದರೆ ಗೋಡೆ ನಿಲ್ಲುತ್ತಾ?" ಎಂದು ಹುಲಿಗೆಪ್ಪನನ್ನು ಕೇಳಿದಳು. ಅವನು ಕೋಲೂರಿಕೊಂಡು ಬಂದಿದ್ದ. "ನಿಂದ್ರತೈತ್ರಿ. ನಾ ಬರದ ಕೊಡತೇನಿ," ಎಂದ. ಅವಳು ನನ್ನ ಕಡೆ ತಿರುಗಿದಳು. "ತೆಗೆದರೆ ಹೊತ್ತು ಹೋಗತ್ತೆ, ಅಮ್ಮಾ. ಇದನ್ನು ನಾವು ಮತ್ತೆ ಎಲ್ಲಿಂದಲೂ ತರೋಕಾಗಲ್ಲ. ಮುಂದಿನ ಕಾರ್ತಿಕದ ತನಕ ಕಾದು ಇಟ್ಟರೂ ಅದು ಬರೀ ಕಾರ್ತಿಕ ಆಗತ್ತೆ."

"ಗೊತ್ತೈತ್ರಿ," ಎಂದೆ.

ಅವಳು ಪುಸ್ತಕ ತೆಗೆದು ತೊಂಬತ್ತಮೂರನೆಯ ನಂಬರಿನ ಮುಂದೆ ಬರೆದಿದ್ದನ್ನು ಹೊಡೆದುಹಾಕಿದಳು. "ನಿಮ್ಮ ತಾಯಿ ಹೆಸರು?"

"ಗುರುಬಸವ್ವ."

ಅವಳು ಬರೆದು ನನಗೆ ಓದಿ ಹೇಳಿದಳು. "ಕಾರ್ತಿಕ ಮಾಸ, ಬೆಳಗ್ಗೆ. ತೊಗರಿ ಕಟ್ಟಿಗೆಯ ಹೊಗೆ, ಹರಳೆಣ್ಣೆ. ಇಟ್ಟವರು ಗುರುಬಸವ್ವ." ಆ ಪುಸ್ತಕದಲ್ಲಿ ನೂರ ನಲವತ್ತಾರು ಕಲ್ಲುಗಳಿವೆ. ಇಟ್ಟವರ ಹೆಸರು ಇರುವುದು ಅದೊಂದಕ್ಕೇ.

ಮರುದಿನ ಬೆಳಗ್ಗೆ ತೆಗೆಯುವುದೆಂದಾಯಿತು. ನಾನು ಬೇಗ ಎದ್ದು ಚಹಾ ಮಾಡಿಕೊಂಡು ಹೋಗಿ ಕೂತೆ. ಯಾರೂ ನನ್ನನ್ನು ಅವಸರಿಸಲಿಲ್ಲ. ಹುಲಿಗೆಪ್ಪ ಬಂದು ದೂರದಲ್ಲಿ ಸುಣ್ಣ ಕಲಸುತ್ತ ಕೂತ. ಹುಸೇನಬಿ ಬಂದಳು, ಓಣಿಯ ಇನ್ನೂ ನಾಲ್ಕಾರು ಹೆಂಗಸರು ಬಂದರು. ಅವ್ವನನ್ನು ಕಂಡವರು, ಅವಳ ಕೈಯಿಂದ ಎಣ್ಣೆ ಹಚ್ಚಿಸಿಕೊಂಡವರು. ನಾನು ಸರಿದು ಜಾಗ ಕೊಟ್ಟೆ. ಒಬ್ಬೊಬ್ಬರೇ ಬಂದು ಬೆನ್ನು ಕೊಟ್ಟು ಕೂತು ಎದ್ದರು. ಹುಸೇನಬಿ ಮಾತ್ರ ಬೆನ್ನು ಕೊಡಲಿಲ್ಲ. ಹಣೆ ಹಚ್ಚಿದಳು. "ನಿಮ್ಮವ್ವ ಎಣ್ಣಿ ಭಾಳ ಕಾಸತಿದ್ದಳವಾ," ಎಂದಳು. ಕೊನೆಗೆ ಮತ್ತೆ ನಾನು ಕೂತೆ. ಚಹಾ ಆರಿಹೋಗಿತ್ತು. ಎಷ್ಟು ಹೊತ್ತು ಕೂತಿದ್ದರೂ ಸಾಕಾಗುತ್ತಿರಲಿಲ್ಲ, ಹಾಗಾಗಿ ಎದ್ದೆ.

"ಹಾರಿ ಕೊಡು," ಎಂದೆ ಹುಲಿಗೆಪ್ಪನಿಗೆ.

"ನಾ ತಗೀತೇನಿ ತಡಿ."

"ನಾ ಕೆರದದ್ದೋ ಅದು. ಕೊಡು."

ಹಾರೆಯನ್ನು ಸಂದಿಗೆ ಇಟ್ಟು ಒತ್ತಿದೆ. ಅವ್ವನ ಮಣ್ಣು ಪುಡಿಯಾಗಿ ಉದುರಿತು. ಕಲ್ಲು ಮುಂದಕ್ಕೆ ಬಂದು ನನ್ನ ತೊಡೆಯ ಮೇಲೆ ಒರಗಿತು, ನಾನು ಎರಡೂ ಕೈಯಿಂದ ಅವಚಿಕೊಂಡೆ. ಹೊಗೆ ಇನ್ನೊಂದು ಉಸಿರಿನಷ್ಟು ಹೊತ್ತು ಇತ್ತು. ಆಮೇಲೆ ಇರಲಿಲ್ಲ. ಮಡಿಲಲ್ಲಿ ಇದ್ದದ್ದು ಒಂದು ಕಲ್ಲು. ಬಿಸಿಯೂ ಅಲ್ಲ, ತಣ್ಣಗೂ ಅಲ್ಲ, ಯಾವ ವಾಸನೆಯೂ ಇಲ್ಲ. ನಾನು ಅದಕ್ಕೆ ಮೂಗು ಹಚ್ಚಿ ಹುಡುಕಿದೆ, ಮಗ್ಗಲು ತಿರುಗಿಸಿ ಹುಡುಕಿದೆ. "ಯವ್ವಾ," ಎಂದೆ. ಇನ್ನೊಮ್ಮೆ ಎಂದೆ. ಆಮೇಲೆ ನನ್ನ ಬಾಯಿಂದ ಬಂದ ಅಳು ನನ್ನದೆಂದು ನನಗೇ ತಿಳಿಯಲಿಲ್ಲ. ಸತ್ತವರ ಮುಂದೆ ಹೆಂಗಸರು ಹಾಡಿ ಹಾಡಿ ಅಳುತ್ತಾರಲ್ಲ, ಹಾಗೆ ಅತ್ತೆ. ಎಣ್ಣೆ ಹಚ್ಚಿದ್ದನ್ನು ಹೇಳಿ ಅತ್ತೆ, ಬೈಯದೆ ಇದ್ದದ್ದನ್ನು ಹೇಳಿ ಅತ್ತೆ, ನನ್ನನ್ನು ಬಿಟ್ಟು ಎಲ್ಲಿಗೆ ಹೋದೆ ಎಂದು ಕೇಳಿ ಅತ್ತೆ. ಓಣಿಯ ಹೆಂಗಸರು ಸುತ್ತ ಕೂತು ಜೊತೆಗೆ ಅತ್ತರು. ಮೃದುಲಾ ಬೆನ್ನು ತಿರುಗಿಸಿ ನಿಂತಿದ್ದಳು.

ಹುಲಿಗೆಪ್ಪ ತೂತಿನ ಚಕ್ಕೆಗಳನ್ನೆಲ್ಲ ತೆಗೆದು, ಒಳಗಿನವರೆಗೆ ದಾರಿ ಮಾಡಿ, ಗಾರೆ ಹಾಸಿದ. ಹತ್ತೂವರೆಯಾಗಿತ್ತು. ಯಾವ ಮೇಸ್ತ್ರಿಯೂ ಬಯಸುವ ಹೊತ್ತಲ್ಲ ಅದು. ಮೋಡ ಕಟ್ಟಿ ಧಗೆ, ಗಣಿಯ ಕಡೆಯಿಂದ ಕಲ್ಲು ಒಡೆಯುವ ಯಂತ್ರದ ದೂಳು. "ಸಂಜಿಗೆ ಇಡೋಣೇನ ಅಕ್ಕಾ? ಗಾಳಿ ತಂಪಾಗತೈತಿ," ಎಂದ. ನಾನು ಬೇಡವೆಂದೆ. ಇಬ್ಬರೂ ಹಿಡಿದು ಕಲ್ಲನ್ನು ಉದ್ದಕ್ಕೆ ಮಲಗಿಸಿ ಒಳಗೆ ತಳ್ಳಿದೆವು. ಈ ಸಲ ಅದು ಸಲೀಸಾಗಿ ಹೋಗಿ ಕೂತಿತು. ಅದರ ಹೊತ್ತು ಹೇಗಿದೆ ಎಂದು ನಾನು ಇನ್ನೂ ಮುಟ್ಟಿ ನೋಡಿಲ್ಲ. ಗೋಡೆ ನಿಲ್ಲುತ್ತದೆ ಎಂದು ಹುಲಿಗೆಪ್ಪ ಬರೆದುಕೊಟ್ಟಿದ್ದಾನೆ. ಬೇಲಿ ಸದ್ಯಕ್ಕೆ ಬೇಡವೆಂದು ಮೇಲಿನಿಂದ ಕಾಗದ ಬಂದಿದೆ. ಬಿದ್ದ ಹದಿನೇಳು ಕಲ್ಲುಗಳಲ್ಲಿ ನಾಲ್ಕಕ್ಕೆ ಮಾತ್ರ ಹೊತ್ತು ಸಿಕ್ಕಿದೆ, ಉಳಿದವಕ್ಕೆ ಕಾಯುತ್ತಿದ್ದೇವೆ.

ಆ ದಿನ ಮನೆಗೆ ಬಂದು ಸ್ನಾನ ಮಾಡಿ ಸುಮ್ಮನೆ ಕೂತಿದ್ದೆ. ಒಲೆ ಹಚ್ಚುವ ಮನಸ್ಸಾಗಲಿಲ್ಲ. ಇನ್ನೂ ಹಗಲಿತ್ತು. ಹುಸೇನಬಿ ಒಂದು ಪಾತ್ರೆಯಲ್ಲಿ ಜೋಳದ ನುಚ್ಚು, ಇನ್ನೊಂದರಲ್ಲಿ ಸಾರು ಹಿಡಿದು ಬಂದು ನನ್ನ ಮುಂದಿಟ್ಟಳು. ಅವಳ ಹಿಂದೆಯೇ ಎದುರು ಮನೆಯವಳು ಬಂದಳು, ಆಮೇಲೆ ಹುಲಿಗೆಪ್ಪನ ಹೆಂಡತಿ. ಅವರಿಬ್ಬರೂ ಪಾತ್ರೆ ಇಟ್ಟು, ಒಂದು ಗಳಿಗೆ ಕೂತು, ಹೋಗಿಬರುತ್ತೇನೆ ಎನ್ನದೆ ಎದ್ದು ಹೋದರು. ನಮ್ಮ ಕಡೆ ಸಾವಾದ ಮನೆಯಲ್ಲಿ ಅವತ್ತು ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಹೀಗೇ ತಂದುಕೊಡುತ್ತಾರೆ.

"ಏನ ಬೇ ಇದು," ಎಂದೆ ಹುಸೇನಬಿಗೆ. "ನಮ್ಮವ್ವ ಹೋಗಿ ಮೂವತ್ತೊಂದು ವರ್ಷ ಆತು."

"ಹೂಂ, ಗೊತ್ತೈತಿ," ಎಂದಳು. "ಉಣ್ಣು. ಬಿಸಿ ಐತಿ."

ಅವಳು ಗೋಡೆಗೊರಗಿ ಕಾಲು ಚಾಚಿ ಕೂತಳು. ನಾನು ಉಂಡು ಮುಗಿಸುವವರೆಗೂ ಏಳಲಿಲ್ಲ.